ಒಂದು ಉಸಿರಿನ ನವರಂಗ

ನಮ್ಮೂರಿನಲ್ಲಿ ಚಳಿಗಾಲದ ಹಕ್ಕಿ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಾಣುತ್ತದೆ. ಕಾಗೆ, ಗುಬ್ಬಿ, ಪಾರಿವಾಳಗಳ ವಿಷಯದಲ್ಲಿ ಈ ತಕರಾರಿಲ್ಲ. ಅವು ವರ್ಷವಿಡೀ ಇಲ್ಲೇ ಬಿದ್ದಿರುವ ಮನೆಮಂದಿ, ಎಲ್ಲರ ಕಣ್ಣಿಗೂ ಬೀಳುತ್ತವೆ. ದೀಪಾವಳಿ ಕಳೆದು ಹೊಳೆಯ ಮೇಲೆ ಮಂಜು ಕೂರುವ ಹೊತ್ತಿಗೆ ಎಲ್ಲಿಂದಲೋ ಬಂದಿಳಿಯುತ್ತವಲ್ಲ, ಅವುಗಳ ಕತೆ ಮಾತ್ರ ಬೇರೆ. ನಾನು ನೋಡುತ್ತಿರುವ ಹಕ್ಕಿ ನೀವು ಎಷ್ಟೇ ಕಣ್ಣರಳಿಸಿದರೂ ನಿಮಗೆ ಕಾಣುವುದಿಲ್ಲ. ನಾನು ಕಣ್ಣು ಮುಚ್ಚಿ "ಬಿಟ್ಟೆ" ಅಂದ ಮೇಲೆ, ನಿಮ್ಮ ದೃಷ್ಟಿ ಆ ಕಡೆ ಇದ್ದರೆ, ನಿಮಗೆ ಸಿಗುತ್ತದೆ. ಆಗ ನೀವು "ಸಿಕ್ತು" ಅನ್ನಬೇಕು. ಅದು ಮರ್ಯಾದೆ.

ಇದರಿಂದ ನಮಗೇನೂ ದೊಡ್ಡ ಕಷ್ಟವಾಗಿಲ್ಲ. ನನ್ನ ಹಿಟ್ಟಿನ ಗಿರಣಿಯ ಅಂಗಳಕ್ಕೆ ಪ್ರತಿ ಚಳಿಗಾಲದಲ್ಲೂ ಒಂದು ಕುಂಡೆಕುಸ್ಕ ಬಂದು ಬಾಲ ಕುಣಿಸುತ್ತ ಓಡಾಡುತ್ತದೆ. ರಾಗಿ ಬೀಸಿಸಲು ಬಂದ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಅದನ್ನು ನೋಡುತ್ತಾರೆ. "ಸಾಕು ಬಿಡೇ, ಅದಕ್ಕೂ ದೃಷ್ಟಿಯಾಗುತ್ತೆ" ಎಂದು ಹಿಂದಿನವಳು ಮುಂದಿನವಳನ್ನು ತಿವಿಯುತ್ತಾಳೆ. ಹೊಳೆಯಲ್ಲಿ ಬಾತುಗಳು ಬೇಕಾದಷ್ಟಿರುತ್ತವೆ, ತಲೆಗೊಂದು ಸಿಕ್ಕೇ ಸಿಗುತ್ತದೆ. ಆದರೂ ಹೊಸದಾಗಿ ಮದುವೆಯಾದವರು ಒಂದೇ ಬಾತನ್ನು ಆಚೆ ಈಚೆ ಬಿಟ್ಟುಕೊಡುತ್ತ ಮಧ್ಯಾಹ್ನದವರೆಗೆ ದಂಡೆಯ ಮೇಲೆ ಕೂತಿರುತ್ತಾರೆ. ಎರಡು ಚಳಿಗಾಲ ಕಳೆದ ಮೇಲೆ ಅದೇ ಜೋಡಿ ಬೇರೆ ಬೇರೆ ಬಾತು ನೋಡುತ್ತದೆ. ದೂರದ ಊರುಗಳಿಂದ ಉದ್ದುದ್ದ ಕ್ಯಾಮೆರಾ ಹೊತ್ತು ಬರುವವರು ಚೆಂದದ ತರಗೆಲೆಗಳ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಪಾಪ, ಅವರಿಗೆ ನಾವು ಟೀ ಕೊಟ್ಟು ಕಳಿಸುತ್ತೇವೆ.

ಜಗ್ಗಾಟ ಇರುವುದೆಲ್ಲ ನವರಂಗಕ್ಕೆ. ಹೊಳೆ ತಿರುಗುವ ಕಡೆ ಒಂದು ಹೊಂಗೆ ತೋಪಿದೆ. ಅದರ ನೆರಳಿನಲ್ಲಿ ತರಗೆಲೆ ಮಗುಚುತ್ತ, ಹುಳ ಹೆಕ್ಕುತ್ತ, ಕುಪ್ಪಳಿಸಿಕೊಂಡು ಓಡಾಡುವ ಮೋಟು ಬಾಲದ ಹಕ್ಕಿ ಅದು. ಒಂದು ಚಳಿಗಾಲಕ್ಕೆ ಒಂದೇ ಒಂದು ಬರುತ್ತದೆ, ಊರಿಗೆ ಊರೇ ಅದನ್ನು ನೋಡಬೇಕು. ಅದಕ್ಕೇ ಯಾವ ಕಾಲದಲ್ಲೋ ಹಿರಿಯರು ಕಟ್ಟಳೆ ಮಾಡಿಟ್ಟಿದ್ದಾರೆ. ಒಂದೊಂದು ಬೆಳಗ್ಗೆ ಒಂದೊಂದು ಬೀದಿಯ ಸರದಿ. ವರ್ಷಕ್ಕೊಮ್ಮೆ ಒಬ್ಬರಿಗೆ ಒಂದು ಉಸಿರು. ಸಾಲಿನ ಮುಂದೆ ಬಂದವರು ಉಸಿರು ಬಿಗಿಹಿಡಿದು ತೋಪಿನ ಕಡೆ ತಿರುಗಬೇಕು, ಉಸಿರು ಬಿಟ್ಟ ಕೂಡಲೇ ಕಣ್ಣು ಮುಚ್ಚಬೇಕು, ಸಿಕ್ತು, ಬಿಟ್ಟೆ ಅನ್ನುವುದೆಲ್ಲ ಆಮೇಲೆ. ಮಿಕ್ಕವರು ತೋಪಿಗೆ ಬೆನ್ನು ಹಾಕಿ ಹೊಳೆ ನೋಡುತ್ತ ನಿಂತಿರಬೇಕು. ಕಳ್ಳ ಉಸಿರು ಎಳೆಯುವವರನ್ನು ಹಿಡಿಯಲು ನಮ್ಮ ಇಸ್ಮಾಯಿಲ್ ಮೇಷ್ಟ್ರಿದ್ದಾರೆ. ಶಾಲೆಯಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದವರು. ಭುಜ ಕೂದಲೆಳೆಯಷ್ಟು ಏರಿದರೂ ಅವರಿಗೆ ಗೊತ್ತಾಗುತ್ತದೆ.

ಈ ಕಟ್ಟಳೆಯಿಂದ ಲಾಭವಾಗಿರುವುದು ಓಲಗದ ಸಿಂಗಾರಯ್ಯನವರಿಗೆ. ಮದುವೆ ಮನೆಗಳಲ್ಲಿ ನಾಗಸ್ವರ ಊದಿ ಊದಿ ಅವರ ಎದೆ ಕಮ್ಮಾರನ ತಿದಿಯಾಗಿದೆ. ಅವರು ಉಸಿರು ಕಟ್ಟಿದರೆಂದರೆ ಹಿಂದಿನವರು ಮನೆಗೆ ಹೋಗಿ ಕಾಫಿ ಕುಡಿದು ಬರಬಹುದು. ಊರಿಗೆಲ್ಲ ಅವರ ಮೇಲೆ ಹೊಟ್ಟೆಕಿಚ್ಚು. ನಷ್ಟವಾಗಿರುವುದು ನನಗೆ. ಹೆಸರು ಮಾದಲಾಂಬಿಕೆ, ಊರವರ ಬಾಯಲ್ಲಿ ಗಿರಣಿ ಮಾದಕ್ಕ. ಯಜಮಾನರು ಹೋದ ಮೇಲೆ ಗಿರಣಿ ನನ್ನ ಪಾಲಿಗೆ ಬಂತು, ಹಿಟ್ಟಿನ ಧೂಳಿನ ಜೊತೆಗೆ ಉಬ್ಬಸವೂ ಬಂತು. ಚಳಿಗಾಲದಲ್ಲಿ ನನ್ನ ಉಸಿರು ಬೆಂಕಿಕಡ್ಡಿ ಗೀರಿ ಆರಿಸುವಷ್ಟು ಹೊತ್ತು ನಿಂತರೆ ಹೆಚ್ಚು. ಕೆಮ್ಮಿಗೆ ಹಕ್ಕಿ ಬೆದರುತ್ತದೆಂದು ಮೇಷ್ಟ್ರು ನನ್ನನ್ನು ಯಾವಾಗಲೂ ಸಾಲಿನ ಕೊನೆಗೆ ನಿಲ್ಲಿಸುತ್ತಾರೆ. ನನ್ನ ಸರದಿ ಬರುವ ಹೊತ್ತಿಗೆ ಅದು ಪೊದೆಯೊಳಗೆ ನುಗ್ಗುತ್ತಿರುತ್ತದೆ. ಮೊನ್ನೆ ಮೊನ್ನೆಯವರೆಗೂ ನಾನು ನವರಂಗದ್ದು ಅಂತ ನೋಡಿದ್ದು ಅದರ ಕುಂಡೆಯೊಂದನ್ನೇ. ಕೆಂಪಗಿದೆ.

ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಜೊತೆಗೆ ನಿಂತು ನೋಡುವಂತಿಲ್ಲ, ನೋಡುತ್ತಿರುವಾಗ ಬಾಯಿ ಬಿಡುವಂತೆಯೂ ಇಲ್ಲ. ಹಾಗಾಗಿ ಆ ಹಕ್ಕಿಯ ಬಣ್ಣದ ಬಗ್ಗೆ ಊರಿನಲ್ಲಿ ಒಮ್ಮತವಿಲ್ಲ. ಬೆನ್ನು ಹಸಿರು ಎನ್ನುವವರಿಗೂ ನೀಲಿ ಎನ್ನುವವರಿಗೂ ಮಾತು ಬಿಟ್ಟು ಹೋಗಿದೆ. ನವರಂಗ ಎಂದ ಮೇಲೆ ಒಂಬತ್ತು ಬಣ್ಣ ಇರಲೇಬೇಕು ಎನ್ನುವುದರಲ್ಲಿ ಮಾತ್ರ ಎಲ್ಲರೂ ಒಂದು. ಆ ಒಂಬತ್ತು ಯಾವುವು ಎಂದು ಕೇಳಿದರೆ ಯಾರ ಲೆಕ್ಕವೂ ಆರು ದಾಟುವುದಿಲ್ಲ.

ಈ ಗಲಾಟೆಯಿಂದ ತಲೆ ಕೆಡಿಸಿಕೊಂಡವಳು ನನ್ನ ನಾದಿನಿ ದಾಕ್ಷಾಯಿಣಿ. ನನ್ನ ಯಜಮಾನರ ತಂಗಿ, ಅವರು ಗಿರಣಿ ಹಾಕಲು ಈ ಊರಿಗೆ ಬರುವ ಮೊದಲೇ ಮದುವೆಯಾಗಿ ಹೋಗಿದ್ದವಳು. ಗಂಡ ತೀರಿಕೊಂಡ ಮೇಲೆ ಬಂದು ನನ್ನ ಜೊತೆಗೇ ಇದ್ದಾಳೆ. ಹಳೆಯ ಸೀರೆ, ರವಿಕೆ, ಲಂಗಗಳ ತುಂಡು ಸೇರಿಸಿ ಕೌದಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಬಂದ ವರ್ಷವೇ ಒಂದು ಕೌದಿ ಶುರು ಮಾಡಿದಳು. ಅಂಚಿಗೆ ಹೊಳೆ, ಒಳಗೆ ಹೊಂಗೆಯ ಎಲೆ, ನಡುವೆ ನವರಂಗ. ಅಂಚು ಮುಗಿಯಿತು, ಎಲೆಗಳೆಲ್ಲ ಮುಗಿದವು. ನಡುವೆ ಅಂಗೈ ಅಗಲದ ಜಾಗ ಮಾತ್ರ ಖಾಲಿ ಉಳಿಯಿತು.

ದಾಕ್ಷಿಯ ಕಣ್ಣು ಅಂಚಿನಿಂದ ಮುಚ್ಚಿಕೊಳ್ಳುತ್ತ ಬರುತ್ತಿತ್ತು. ಪೈಪಿನೊಳಗಿಂದ ನೋಡಿದ ಹಾಗಿದೆ ಅತ್ತಿಗೆ, ಎನ್ನುತ್ತಿದ್ದಳು. ಕಳೆದ ವರ್ಷ ಮಳೆಗಾಲ ಮುಗಿಯುವಾಗ ದೊಡ್ಡ ಊರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಈ ಚಳಿಗಾಲ ಕಳೆದು ಮುಂದಿನ ಚಳಿಗಾಲದ ಹೊತ್ತಿಗೆ ಬೆಳಕು ಕತ್ತಲೆ ಅಷ್ಟೇ ತಿಳಿದೀತು, ಬೇರೇನೂ ತಿಳಿಯಲಿಕ್ಕಿಲ್ಲ ಎಂದರು. ಮನೆಗೆ ಬಂದು ದೀಪ ಹಾಕಿ, ಅವಳು ಕೌದಿ ಬಿಡಿಸಿ ಕೂತಾಗ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು, ಹತ್ತಿರ ಸಿಕ್ಕಿದವಳು ಅವಳು.

"ಎರಡು ಸಲ ನವರಂಗ ನೋಡಿದ್ದೀಯಲ್ಲೇ. ಕಣ್ಣಿರೋವಾಗ್ಲೇ ಹೊಲ್ದು ಮುಗ್ಸಬಾರ್ದಾ? ಇನ್ನೂ ಯಾಕೆ ಖಾಲಿ ಬಿಟ್ಟಿದ್ದೀಯ?"

ಅವಳು ಸೂಜಿಗೆ ದಾರ ಪೋಣಿಸುವ ಪ್ರಯತ್ನ ಬಿಡಲಿಲ್ಲ. "ನೋಡಿಲ್ಲ ಅತ್ತಿಗೆ" ಅಂದಳು.

"ಅಂದ್ರೆ?"

"ಅದು ಎಲ್ಲಿದೆ ಅಂತ ಹುಡುಕೋದ್ರಲ್ಲೇ ನನ್ನ ಉಸ್ರು ಮುಗ್ದೋಗುತ್ತೆ. ಹಿಂದೆ ಅಷ್ಟು ಜನ ನಿಂತಿರ್ತಾರೆ, ಅವ್ರನ್ನ ಯಾಕೆ ಕಾಯ್ಸೋದು? ಅದ್ಕೇ ಸಿಕ್ತು ಅಂತೀನಿ, ಬಿಟ್ಟೆ ಅಂತೀನಿ."

"ಮತ್ತೆ ಮನೇಗೆ ಬಂದು ಚೆನ್ನಾಗಿತ್ತು ಅಂದ್ಯಲ್ಲೇ!"

"ಚೆನ್ನಾಗೇ ಇರುತ್ತಲ್ವಾ ಅತ್ತಿಗೆ?"

ಸೂಜಿಯನ್ನು ಅವಳ ಕೈಯಿಂದ ಕಿತ್ತುಕೊಂಡು ದಾರ ಪೋಣಿಸಿಕೊಟ್ಟೆ. ಯಾರಿಗೂ ಹೇಳಬೇಡಿ ಎಂದು ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಳು. ಹೇಳಿಯಾದರೂ ಏನು ಪ್ರಯೋಜನ? ಬೇರೆ ಊರಾಗಿದ್ದರೆ ಪಕ್ಕದಲ್ಲಿ ನಿಂತು ಬೆರಳು ತೋರಿಸಬಹುದಿತ್ತು. ಇಲ್ಲಿ ನಾನು ಹಕ್ಕಿ ಎಲ್ಲಿದೆ ಎಂದು ನೋಡಿದರೆ ಅವಳಿಗೆ ಅದು ಕಾಣುವುದಿಲ್ಲ. ನಾನು ಕಣ್ಣು ಮುಚ್ಚಿಕೊಂಡರೆ ಅದು ಎಲ್ಲಿಗೆ ಕುಪ್ಪಳಿಸಿತು ಎಂದು ನನಗೆ ಗೊತ್ತಾಗುವುದಿಲ್ಲ. ದಾಕ್ಷಿಗೆ ಇನ್ನು ಉಳಿದಿದ್ದು ಒಂದು ಚಳಿಗಾಲ, ಆ ಚಳಿಗಾಲದಲ್ಲಿ ಒಂದು ಉಸಿರು.

ನಮ್ಮ ಬೀದಿಯ ಸರದಿ ಬಂದ ಬೆಳಗ್ಗೆ ಮಂಜು ದಟ್ಟವಾಗಿತ್ತು. ಎಲ್ಲರೂ ಶಾಲು, ಮಫ್ಲರು ಸುತ್ತಿಕೊಂಡು ತೋಪಿಗೆ ಬೆನ್ನು ಮಾಡಿ ನಿಂತಿದ್ದೆವು. ಹೊಳೆಯ ಆಚೆ ಮಿಂಚುಳ್ಳಿಯೊಂದು ನೀರಿಗೆ ಧುಮುಕಿದ್ದು ಎಲ್ಲರಿಗೂ ಕಂಡಿತು. ಅದು ಊರಿನದೇ ಹಕ್ಕಿ. ಇಸ್ಮಾಯಿಲ್ ಮೇಷ್ಟ್ರು ಸಾಲು ಸರಿ ಮಾಡಿದರು. ಅವರು ತಮ್ಮ ಸರದಿಯನ್ನು ಯಾವಾಗಲೂ ಬೀದಿಯವರದೆಲ್ಲ ಮುಗಿದ ಮೇಲೆ ತೆಗೆದುಕೊಳ್ಳುವವರು. ಆ ದಿನ ಮೊದಲಿಗೆ ದಾಕ್ಷಿ, ಅವಳ ಹಿಂದೆ ಸಿಂಗಾರಯ್ಯ, ಹೂ ಕಟ್ಟುವ ಪುಟ್ಟಚೆನ್ನಮ್ಮ, ಅವರ ಹಿಂದೆ ಬೀದಿಯ ಉಳಿದವರು, ಎಲ್ಲರಿಗಿಂತ ಹಿಂದೆ ನಾನು. ದಾಕ್ಷಿ ಉಸಿರು ಎಳೆದುಕೊಂಡ ಸದ್ದು ನನ್ನವರೆಗೂ ಕೇಳಿಸಿತು. ತೋಪಿನಲ್ಲಿ ತರಗೆಲೆ ಚರಪರ ಎನ್ನುತ್ತಿತ್ತು. ಅಲ್ಲೇ ಎಲ್ಲೋ ಇತ್ತು ಅದು, ಇವಳ ಮೂಗಿನ ಕೆಳಗೇ. ಅವಳ ಕಾಲು ಆಚೆ ಈಚೆ ಸರಿಯುವ ಸದ್ದೂ ಕೇಳುತ್ತಿತ್ತು, ಇನ್ನೂ ಹುಡುಕುತ್ತಿದ್ದಳು. ಕಾದೆ. ಆಮೇಲೆ ಅವಳ ಉಸಿರು ಹೊರಬಿತ್ತು.

"ಸಿಕ್ತು" ಅಂದಳು ಸಣ್ಣಗೆ. "ಬಿಟ್ಟೆ."

"ಸುಳ್ಳು!"

ಕೂಗಿದವಳು ನಾನೇ. ಆಣೆ, ಕಟ್ಟಳೆ, ಸಾಲು ಯಾವುದೂ ನೆನಪಾಗಲಿಲ್ಲ. ಕಣ್ಣು ಮುಚ್ಚಿಕೊಂಡು, ಎಲ್ಲರ ಬೆನ್ನು ತಡವುತ್ತ ಮುಂದೆ ಹೋಗಿ ಅವಳ ಕೈ ಹಿಡಿದುಕೊಂಡೆ. ತೋಪಿನಲ್ಲಿ ಸದ್ದು ನಿಂತುಹೋಯಿತು. ಪುಟ್ಟಚೆನ್ನಮ್ಮ "ಅಯ್ಯೋ, ಓಡಿಸಿಬಿಟ್ಟಳಲ್ಲಪ್ಪಾ" ಎಂದು ಗೊಣಗಿದಳು. ಆಮೇಲೆ, ದೇವರು ದೊಡ್ಡವನು, ಎಲೆ ಮತ್ತೆ ಚರಪರ ಎಂದಿತು.

"ಮಾದಕ್ಕ, ಏನಿದು?" ಮೇಷ್ಟ್ರು ಪಿಸುದನಿಯಲ್ಲೇ ಗದರಿದರು.

"ಅವ್ಳಿಗೆ ಸಿಕ್ಕಿಲ್ಲ ಮೇಷ್ಟ್ರೇ. ಯಾವತ್ತೂ ಸಿಕ್ಕಿಲ್ಲ. ಹುಡುಕೋಕೆ ಕಣ್ಣು ಸಾಲಲ್ಲ ಅವ್ಳಿಗೆ."

"ಅತ್ತಿಗೆ, ಬಿಡಿ" ಎಂದು ದಾಕ್ಷಿ ಕೈ ಎಳೆದುಕೊಂಡಳು. ನಾನು ಬಿಡಲಿಲ್ಲ.

"ಸಿಗ್ಲಿ ಬಿಡ್ಲಿ, ಉಸಿರು ಮುಗೀತಲ್ಲಮ್ಮ. ಕಟ್ಟಳೆ ಅಂದ್ರೆ ಕಟ್ಟಳೆ. ಮುಂದಿನ ವರ್ಷ ಮೊದಲು ಅವ್ರನ್ನೇ ನಿಲ್ಲಿಸ್ತೀನಿ."

"ಮುಂದಿನ ವರ್ಷ ಅವ್ಳಿಗೆ ಕಣ್ಣಿರಲ್ಲ ಮೇಷ್ಟ್ರೇ."

ಆಗ ಸಿಂಗಾರಯ್ಯ ಗಂಟಲು ಸರಿಮಾಡಿಕೊಂಡರು.

"ಮೇಷ್ಟ್ರೇ, ಒಬ್ರು ಒಂದು ಉಸ್ರಿನಷ್ಟು ಹೊತ್ತು ನೋಡ್ಬೇಕು ಅಂತ ತಾನೇ ಇರೋದು? ಆ ಉಸ್ರು ಯಾರು ಹಿಡೀಬೇಕು ಅಂತ ಹಿರೀಕ್ರು ಹೇಳಿಲ್ವಲ್ಲ. ಈ ವರ್ಷದ್ದು ನನ್ನ ಪಾಲಿಂದು ಇವ್ರಿಗೆ. ತಾಯಿ, ನಿಧಾನಕ್ಕೆ ಹುಡುಕಿ."

ಮೇಷ್ಟ್ರು ಹೌದೆನ್ನುವ ಮೊದಲೇ ಆ ದೊಡ್ಡ ಎದೆಗೆ ಗಾಳಿ ತುಂಬಿದ ಸದ್ದು ಕೇಳಿಸಿತು. ದಾಕ್ಷಿ ಹುಡುಕತೊಡಗಿದಳು. ಊರು ಹೊಟ್ಟೆಕಿಚ್ಚು ಪಡುತ್ತಿದ್ದ ಉಸಿರು ಅದು, ಅವತ್ತು ಅದರಷ್ಟು ಚಿಕ್ಕ ಉಸಿರು ಇನ್ನೊಂದಿಲ್ಲ ಅನಿಸಿತು. ಅವಳ ತಲೆ ಆ ಕಡೆ, ಈ ಕಡೆ ಹೊರಳುವುದು ನನ್ನ ಭುಜಕ್ಕೆ ತಿಳಿಯುತ್ತಿತ್ತು. ಸಿಂಗಾರಯ್ಯ ತಡೆಯಲಾರದೆ ಭುಸ್ ಎಂದು ಉಸಿರು ಬಿಟ್ಟರು. ಅವಳಿಗೆ ಸಿಕ್ಕಿರಲಿಲ್ಲ.

"ಸಾಕು, ನಿಮ್ಮದೆಲ್ಲ ಹಾಳಾಗುತ್ತೆ" ಎಂದಳು ದಾಕ್ಷಿ.

ಆಗ ಮಾತಾಡಿದವರು ಮೇಷ್ಟ್ರು. "ಸಿಂಗಾರಯ್ಯ, ಶ್ರುತಿ ಹಿಡಿಯೋ ಕಿವಿ ಅಲ್ವೇನ್ರೀ ನಿಮ್ಮದು? ಕಣ್ಣು ಮುಚ್ಚಿಕೊಂಡು ಎಲೆ ಸದ್ದು ಎಲ್ಲಿ ಬರ್ತಿದೆ ಹೇಳಿ. ಈಗ ಉಸಿರು ನಾನು ಹಿಡೀತೀನಿ." ಕಟ್ಟಳೆ ಮುರಿಯದ ಆ ಮನುಷ್ಯ ತನ್ನ ವರ್ಷದ ಪಾಲನ್ನು ಅಷ್ಟು ಸಲೀಸಾಗಿ ಕೊಟ್ಟುಬಿಟ್ಟರು.

ಸಿಂಗಾರಯ್ಯ ಕೇಳಿಸಿಕೊಂಡರು. "ಎಡಕ್ಕೆ, ತಾಯಿ. ಇನ್ನೂ ಎಡಕ್ಕೆ. ಅಲ್ಲೊಂದು ಕಲ್ಲಿರಬೇಕು, ಸದ್ದು ತಾಕಿ ಬರ್ತಿದೆ. ಕಲ್ಲಿನ ಈಚೆ. ಹಾಂ, ಈಗ ನಿಮ್ಮ ಕಡೇಗೇ ಬರ್ತಿದೆ."

ದಾಕ್ಷಿಯ ಕೈ ನನ್ನ ಕೈಯೊಳಗೆ ಬಿಗಿಯಾಯಿತು.

"ಸಿಕ್ತು" ಅಂದಳು.

ಇಷ್ಟು ವರ್ಷ ಆ ಮಾತನ್ನು ನೂರಾರು ಬಾಯಲ್ಲಿ ಕೇಳಿದ್ದೇನೆ. ಹೀಗೆ ಯಾರೂ ಅಂದದ್ದು ಕೇಳಿರಲಿಲ್ಲ. ಮೇಷ್ಟ್ರ ಉಸಿರು ಮುಗಿಯುತ್ತಿದ್ದಂತೆ ಪುಟ್ಟಚೆನ್ನಮ್ಮ, ಓಡಿಸಿಬಿಟ್ಟಳು ಎಂದು ಗೊಣಗಿದ್ದ ಅದೇ ಪುಟ್ಟಚೆನ್ನಮ್ಮ, "ನಂದು ತಗೊಳ್ಳವ್ವ" ಎಂದು ತನ್ನ ಉಸಿರು ಹಿಡಿದಳು. ಅವಳದು ಮುಗಿಯುವಾಗ ಅವಳ ಹಿಂದಿನವರು, ಒಬ್ಬೊಬ್ಬರೂ ಕಣ್ಣು ಮುಚ್ಚಿ ತೋಪಿನ ಕಡೆ ತಿರುಗಿಕೊಂಡು. ಹೀಗೆ ಉಸಿರು ಸಾಲಿನುದ್ದಕ್ಕೂ ಕೈಯಿಂದ ಕೈಗೆ ಬಂದ ಹಾಗೆ ಬಂತು. ಅಷ್ಟರಲ್ಲಿ ಇನ್ನೊಂದು ನಡೆದಿತ್ತು. ಉಸಿರು ಹಿಡಿದವರು ಬೇರೆಯವರಾದ್ದರಿಂದ ದಾಕ್ಷಿಯ ಬಾಯಿ ಖಾಲಿ ಇತ್ತು. ಅವಳು ಮಾತಾಡತೊಡಗಿದಳು. ನಮ್ಮೂರು ಹುಟ್ಟಿದಾಗಿನಿಂದ ನವರಂಗವನ್ನು ನೋಡುತ್ತ ನೋಡುತ್ತ ಮಾತಾಡಿದವರು ಯಾರೂ ಇರಲಿಲ್ಲ.

"ನೆತ್ತಿ ಕಂದು, ಅತ್ತಿಗೆ. ಬೆಲ್ಲದ ಕಂದು. ನಡುವೆ ಕಪ್ಪು ಗೀಟು, ಬೈತಲೆ ತೆಗ್ದಂಗೆ. ಹುಬ್ಬು ಬಿಳಿ. ಕಣ್ಣಿಗೆ ಕಾಡಿಗೆ ಮೆತ್ಕೊಂಡಿದೆ, ಕತ್ತಿನವರ್ಗೂ ಎಳ್ದಿದೆ. ಬೆನ್ನು ಹಸ್ರು." ಸಾಲಿನಲ್ಲಿ ಯಾರೋ "ಹೇಳ್ಲಿಲ್ವಾ ನಾನು" ಎಂದು ಪಿಸುಗುಟ್ಟಿದರು. "ರೆಕ್ಕೆ ಮೇಲೆ ಒಂದ್ ಚೂರು ನೀಲಿ, ನೀವು ಉಡ್ತಿದ್ರಲ್ಲ ಆ ಹಬ್ಬದ ಸೀರೆ, ಅದ್ರ ಅಂಚಿನ ನೀಲಿ." ಇನ್ಯಾರೋ "ನಾನೂ ಹೇಳ್ಲಿಲ್ವಾ" ಎಂದರು. "ಎದೆ ಸಾಸಿವೆ ಬಣ್ಣ. ಕೊಕ್ಕು ಕಿತ್ತಳೆ. ಬಾಲದ ಕೆಳಗೆ ಕೆಂಪು, ಅದು ನಿಮಗೆ ಗೊತ್ತು."

ಕಣ್ಣು ಮುಚ್ಚಿಕೊಂಡ ಜನ ಅತ್ತರೋ ನಕ್ಕರೋ ನನಗೆ ತಿಳಿಯಲಿಲ್ಲ. ನನಗಂತೂ ಎರಡೂ ಬಂತು. ಕೊನೆಗೆ ನನ್ನ ಸರದಿ. ಸೆರಗನ್ನು ಬಾಯಿಗೆ ತುರುಕಿಕೊಂಡು ಉಸಿರು ಹಿಡಿದೆ. ಎದೆಯೊಳಗೆ ಬೆಕ್ಕಿನ ಮರಿಗಳು ಕಿರುಚಿದಂತಾಯಿತು, ಆದರೂ ಹಿಡಿದೆ. ಜನ್ಮದಲ್ಲೇ ಅಷ್ಟು ಹೊತ್ತು ನಾನು ಉಸಿರು ಹಿಡಿದಿರಲಿಲ್ಲ. ದಾಕ್ಷಿ ನನ್ನ ಕೈ ಅದುಮಿದಳು.

"ಬಿಟ್ಟೆ, ಅತ್ತಿಗೆ. ನನಗೆ ತುಂಬಿತು. ನೀವು ನೋಡಿ."

ನಾನು ನೋಡುವಂತಿರಲಿಲ್ಲ, ನನ್ನ ಉಸಿರು ಖರ್ಚಾಗಿತ್ತು. "ಮೇಷ್ಟ್ರೇ, ನೀವು ನೋಡಿ" ಎಂದೆ ಏದುತ್ತ. "ನಂದು ಆಗಿದೆಯಮ್ಮ. ಸಿಂಗಾರಯ್ಯ ನೋಡ್ಲಿ." "ನಂದೂ ಆಯ್ತಲ್ಲ ಸ್ವಾಮಿ." ಇಡೀ ಬೀದಿಯಲ್ಲಿ ಒಂದು ಉಸಿರೂ ಮಿಕ್ಕಿರಲಿಲ್ಲ. ಒಬ್ಬರೂ ಕಣ್ಣು ತೆರೆಯಲಿಲ್ಲ. ಅಷ್ಟೂ ಜನ ಕಣ್ಣು ಮುಚ್ಚಿ ನಿಂತಿದ್ದೆವು, ಅದು ನಮ್ಮೆದುರಿಗೆ ತನ್ನ ಪಾಡಿಗೆ ತಾನು ಎಲೆ ಮಗುಚುತ್ತ ಓಡಾಡುತ್ತಿತ್ತು. ಆಮೇಲೆ ಎರಡು ಸ್ವರದ ಸಿಳ್ಳೆ ಹಾಕಿ ತೋಪಿನೊಳಗೆ ಹಾರಿಹೋಯಿತು.

ಆ ಚಳಿಗಾಲ ಮುಗಿಯುವುದರೊಳಗೆ ಕೌದಿಯ ನಡುವಿನ ಜಾಗ ತುಂಬಿತು. ನೀಲಿಗೆ ನನ್ನ ಹಬ್ಬದ ಸೀರೆಯ ಅಂಚನ್ನು ನಾನೇ ಕತ್ತರಿಸಿಕೊಟ್ಟೆ. ಬೀದಿಯವರೆಲ್ಲ ಬಂದು ನೋಡಿ, ಬೆರಳಿನಿಂದ ಎಣಿಸಿ, "ಎಂಟೇ ಬಣ್ಣ ಇದೆಯಲ್ಲಮ್ಮ" ಎಂದು ಬೇಜಾರು ಮಾಡಿಕೊಂಡರು. "ನನಗೆ ಸಿಕ್ಕಿದ್ದು ಎಂಟೇ" ಎಂದಳು ದಾಕ್ಷಿ. ಸುಳ್ಳು ಹೇಳುವುದನ್ನು ಬಿಟ್ಟಿದ್ದಳು. ಈಗ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಆ ಕೌದಿ ಅವರ ಮನೆಗೆ ಹೋಗಿ, ಒಗೆದು ಮಡಿಸಿಕೊಂಡು ವಾಪಸ್ ಬರುತ್ತದೆ.

ಡಾಕ್ಟರು ಹೇಳಿದ್ದು ಹೇಳಿದಂತೆಯೇ ಆಯಿತು. ಈ ಸಲ ಮಂಜು ಬೀಳುವ ಹೊತ್ತಿಗೆ ದಾಕ್ಷಿಗೆ ಕಿಟಕಿ ಎಲ್ಲಿದೆ ಎನ್ನುವುದಷ್ಟೇ ತಿಳಿಯುತ್ತಿತ್ತು. ನಮ್ಮ ಬೀದಿಯ ಸರದಿಯ ದಿನ ನಾನು ಅವಳನ್ನು ಎಬ್ಬಿಸಬಾರದೆಂದು ಮೆಲ್ಲಗೆ ಎದ್ದರೆ, ಅವಳು ಆಗಲೇ ಶಾಲು ಹೊದ್ದು ಬಾಗಿಲಲ್ಲಿ ಕೂತಿದ್ದಳು. ತೋಪಿನ ಹತ್ತಿರ ಹೋಗಿ ಮೇಷ್ಟ್ರಿಗೆ ಕೈ ಮುಗಿದು, "ನನಗೂ ಒಂದು ಉಸ್ರಿದೆಯಲ್ವಾ ಮೇಷ್ಟ್ರೇ? ಅದು ನಮ್ಮತ್ತಿಗೇಗೆ" ಎಂದಳು. ಮೇಷ್ಟ್ರು ನನ್ನ ರಟ್ಟೆ ಹಿಡಿದು ಸಾಲಿನ ಕೊನೆಯಿಂದ ಮುಂದಕ್ಕೆ ತಂದು ನಿಲ್ಲಿಸಿದರು.

ದಾಕ್ಷಿ ಕೆನ್ನೆ ಉಬ್ಬಿಸಿ ಉಸಿರು ಹಿಡಿದಳು. ನಾನು ತಿರುಗಿದೆ. ಅದು ಕಲ್ಲಿನ ಮೇಲೇ ನಿಂತಿತ್ತು, ನನಗೇ ಕಾದಿದ್ದ ಹಾಗೆ, ಕೊಕ್ಕಿನಿಂದ ಬಾಲದವರೆಗೆ ಪೂರ್ತಿ. ಉಬ್ಬಸವಿದ್ದರೂ ನಾನು ಬೇಕಾದಷ್ಟು ಉಸಿರಾಡಬಹುದಿತ್ತು. ಹಾಗಾಗಿ ಅವಳ ಕಿವಿಗೆ ಹೇಳುತ್ತ ಹೋದೆ, ಅವಳು ನನಗೆ ಹೇಳಿದ ಹಾಗೆಯೇ. ನೆತ್ತಿ ಕಂದು ಕಣೇ, ಬೆಲ್ಲದ್ದೇ. ಹುಬ್ಬು ಬಿಳಿ. ನೀಲಿ ನನ್ನ ಸೀರೆಯದೇ, ನೀನು ಹೇಳಿದ್ದು ಸರಿ. ಆಗ ಅದು ಕಲ್ಲಿನ ಮೇಲೆ ಒಂದು ಕುಪ್ಪಳಿಸು ಕುಪ್ಪಳಿಸಿತು. ಅವಳು ನೋಡಿದಾಗ ಅದು ತರಗೆಲೆಯ ನಡುವೆ ಹೂತು ನಿಂತಿದ್ದರಿಂದ ಕಾಣದೇ ಹೋಗಿದ್ದು ಈಗ ನನ್ನ ಕಣ್ಣಿಗೆ ಬಿತ್ತು.

"ಕಾಲು, ದಾಕ್ಷಿ! ಕಾಲು ಗುಲಾಬಿ ಕಣೇ! ಒಂಬತ್ತು!"

ಅವಳಿಗೆ ನಗು ತಡೆಯಲಾಗಲಿಲ್ಲ. ಹಿಡಿದಿದ್ದ ಉಸಿರೆಲ್ಲ ಒಮ್ಮೆಗೇ ಹೊರಬಿತ್ತು. ನಾನು ಕಣ್ಣು ಮುಚ್ಚಿ "ಬಿಟ್ಟೆ" ಎಂದೆ. ಸಿಂಗಾರಯ್ಯನವರು ಹಿಂದಿನಿಂದ "ಸಿಕ್ತು" ಎನ್ನುವಷ್ಟರಲ್ಲಿ ನಾವಿಬ್ಬರೂ ಮನೆಯ ದಾರಿ ಹಿಡಿದಿದ್ದೆವು, ಕೈ ಕೈ ಹಿಡಿದುಕೊಂಡು, ಗುಲಾಬಿ ಬಟ್ಟೆ ಯಾರ ಮನೆ ಗಂಟಿನಲ್ಲಿದ್ದೀತು ಎಂದು ಜಗಳವಾಡುತ್ತ. ಕೊನೆಗೆ ಅದು ನನ್ನ ಮದುವೆಯ ರವಿಕೆಯ ತೋಳಿನಲ್ಲೇ ಇತ್ತು. ನಾನು ಸೂಜಿಗೆ ದಾರ ಪೋಣಿಸಿ, ಅವಳ ಬೆರಳನ್ನು ಜಾಗದ ಮೇಲೆ ಇಟ್ಟೆ. ಅವಳು ಹೊಲಿದಳು. ಸಂಜೆಯ ಹೊತ್ತಿಗೆ ಹಕ್ಕಿ ಕಾಲೂರಿ ನಿಂತಿತು.